ಬಸ್ಸು ಹೋಗದ ಬಾಗಿಲು

ಆ ಮನೆಯ ಅಂಗಳದಲ್ಲಿ ಒಂದು ಕಾರಿತ್ತು. ಅದರ ಬೂದು ಬಣ್ಣದ ಹೊದಿಕೆಯನ್ನು ಟೈಲರಮ್ಮನೇ ಹೊಲಿದಿದ್ದಳು. ಕನ್ನಡಿಗಳಿಗೆ ಎರಡು ಪುಟ್ಟ ಚೀಲ, ಕೆಳಗೆ ಸುತ್ತಲೂ ಎಲಾಸ್ಟಿಕ್ಕು, ಮಳೆನೀರು ನಿಲ್ಲದಂತೆ ನಡುವೆ ಒಂದು ಮಡಿಕೆ. ಬೀದಿಯಲ್ಲಿ ಹೋಗುವವರೆಲ್ಲ ಹೊದಿಕೆಯನ್ನು ಹೊಗಳುತ್ತಿದ್ದರು. ಕಾರನ್ನು ಹೊಗಳಿದವರಿಲ್ಲ, ಯಾಕೆಂದರೆ ಹೊದಿಕೆ ತೆಗೆಯುವ ಪ್ರಸಂಗವೇ ಬಂದಿರಲಿಲ್ಲ.

ಕಾರು ಕೊಂಡವನು ಅವಳ ಗಂಡ. ಮೂವತ್ತೊಂದು ವರ್ಷ ಪ್ರವಾಸಿ ಬಸ್ಸು ಓಡಿಸಿದವನು. ನಾಲ್ಕು ದಿನಕ್ಕೆ ಮೂರು ಅರಮನೆ ತೋರಿಸಿಕೊಂಡು ಬರುವ ರೂಟು ಅವನದು, ಹಾಗಾಗಿ ಡಿಪೋದವರು ಅವನಿಗೆ ‘ದೊರೆ’ ಎಂದು ಹೆಸರಿಟ್ಟಿದ್ದರು. ಕ್ರಮೇಣ ಬೀದಿಯವರೂ ಹಾಗೇ ಕರೆದರು, ಮನೆಯವರೂ ಕರೆದರು. ಆ ಬಸ್ಸುಗಳ ಸೀಟಿನ ಕವರು ಹೊಲಿದು ಕೊಡುತ್ತಿದ್ದವಳು ಟೈಲರಮ್ಮ. ಕವರು ತೊಡಿಸಲೆಂದು ಪ್ರತಿ ಸೀಟಿನ ಮೇಲೂ ಮಂಡಿಯೂರಿದ್ದಳೇ ಹೊರತು, ಹಾಯಾಗಿ ಕೂತು ಒಂದು ಫರ್ಲಾಂಗು ಹೋದವಳಲ್ಲ.

ಮದುವೆಯಾದ ವರ್ಷವೇ ದೊರೆ ಅವಳಿಗೆ ಮಾತು ಕೊಟ್ಟಿದ್ದ: “ನಿನ್ನನ್ನ ಮೂರೂ ಅರಮನೆಗೆ ಕರ್ಕೊಂಡು ಹೋಗ್ತೀನಿ. ಬಸ್ಸಲ್ಲಲ್ಲ, ನಮ್ಮದೇ ಕಾರಲ್ಲಿ.” ಆಮೇಲೆ ಮೂವತ್ತು ವರ್ಷ ಮೂಗಿಗೆ ತುಪ್ಪ ಸವರುತ್ತಲೇ ಬಂದ. ಪ್ರತಿ ಸಲ ಬಸ್ಸು ಡಿಪೋ ಸೇರಿಸಿ ಮನೆಗೆ ಬಂದಾಗ ಊಟಕ್ಕೆ ಕೂತು ಅರಮನೆಯ ಕಥೆ ಹೇಳುತ್ತಿದ್ದ. ಮೊದಲ ಅರಮನೆಯಲ್ಲಿ ರಾಣಿಗೆ ಗಾಜಿನ ಮಂಚವಿತ್ತಂತೆ, ಮಲಗಿದರೆ ಕೆಳಗೆ ನೆಲದ ಮೇಲಿನ ಹೂವಿನ ಚಿತ್ರ ಕಾಣುತ್ತಿತ್ತಂತೆ. ಆ ಮಂಚದ ಕಥೆ ಕೇಳುತ್ತಲೇ ಮಗ ದೊಡ್ಡವನಾದ, ಈಗ ಮೊಮ್ಮಗಳು ಪುಟ್ಟಿ ಕೇಳುತ್ತಿದ್ದಳು.

ನಿವೃತ್ತಿಯಾದ ವಾರವೇ ದೊರೆ ಕಾರು ಕೊಂಡ. ಹಳೆಯದಾದರೂ ಅಚ್ಚುಕಟ್ಟಾದ ಬಿಳಿ ಕಾರು. ಗಂಡ ಮಾತಿಗೆ ತಪ್ಪಲಿಲ್ಲ ಎಂದು ಟೈಲರಮ್ಮನ ಕಣ್ಣು ತುಂಬಿತ್ತು. ಆದರೆ ಮೂರು ತಿಂಗಳಾಗುವಷ್ಟರಲ್ಲಿ ಕಣ್ಣಿನ ಡಾಕ್ಟರು, ಬಲಗಣ್ಣಿನ ನರ ಸೋತಿದೆ, ಇನ್ನು ಗಾಡಿ ಓಡಿಸುವಂತಿಲ್ಲ ಎಂದರು. ಲೈಸೆನ್ಸು ರಿನ್ಯೂ ಆಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

“ಮಾರಿಬಿಡೋಣಪ್ಪ,” ಅಂದ ಮಗ, ಒಂದು ಭಾನುವಾರ ಮಧ್ಯಾಹ್ನ ಅನ್ನಕ್ಕೆ ಬೇಳೆ ಕಲಸುತ್ತಾ. ಅವನು ಲಿಫ್ಟು ರಿಪೇರಿಯವನು. ಯಾವುದು ಯಾವಾಗ ಕೆಡುತ್ತದೆ ಎಂದು ದಿನವಿಡೀ ಯೋಚಿಸುವುದೇ ಕಸುಬಾದ್ದರಿಂದ, ಮನೆಯಲ್ಲೂ ನೆಟ್ಟಗಿರುವ ವಸ್ತು ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. “ನಿಂತ ಗಾಡಿ ಹಾಳಾಗುತ್ತೆ. ನಮ್ಮ ಆಫೀಸಿನ ಸ್ಟೋರಿನವರೊಬ್ಬರು ಕೇಳ್ತಿದ್ದಾರೆ. ತಿಂಗಳ ಕೊನೇಲಿ ಬಂದು ನೋಡ್ತಾರಂತೆ.”

“ಮತ್ತೆ ಅರಮನೆ?” ಅಂದಳು ಟೈಲರಮ್ಮ.

“ಬಸ್ಸಲ್ಲಿ ಹೋಗಿಬನ್ನಿ. ಅಪ್ಪನ ಬಸ್ಸೇ ಇದೆಯಲ್ಲ.”

ದೊರೆ ತಟ್ಟೆಯಿಂದ ತಲೆ ಎತ್ತಿದ. “ಇನ್ನೊಬ್ಬ ಓಡಿಸೋ ಬಸ್ಸಲ್ಲಿ ನಾನು ಕಿಟಕಿ ಪಕ್ಕ ಕೂತ್ಕೊಂಡು ಹೋಗೋದಾ? ಅದಕ್ಕಿಂತ ಮನೇಲಿ ಬಿದ್ದಿರೋದು ವಾಸಿ.”

“ಹಾಗಾದ್ರೆ ಬಾಡಿಗೆ ಡ್ರೈವರ್ ಇಟ್ಕೊಳ್ಳಿ.”

“ನನ್ನ ಕಾರಿಗೆ?”

“ನೀವೇ ಓಡಿಸಿಕೊಂಡು ಹೋಗಬಾರದಾ?” ಎಂದು ಸೊಸೆ ಗಂಡನನ್ನು ಕೇಳಿದಳು.

“ನನಗೆಲ್ಲಿದೆ ರಜೆ? ಎಂಬತ್ತು ಲಿಫ್ಟು, ನಾಲ್ಕು ಜನ.”

ಎತ್ತು ಏರಿಗೆ, ಕೋಣ ನೀರಿಗೆ. ಟೈಲರಮ್ಮ ಎಲ್ಲರಿಗೂ ಒಂದೊಂದು ಸೌಟು ಬೇಳೆ ಬಡಿಸಿ, ಸೌಟನ್ನು ಪಾತ್ರೆಯಲ್ಲಿಟ್ಟು, “ನಾನು ಓಡಿಸ್ತೀನಿ,” ಅಂದಳು.

ಮೊದಲು ಮಗ ನಕ್ಕ. ಅವಳು ಎದ್ದು ಹೋಗಿ, ಹೊಲಿಗೆ ಮೆಷಿನ್ನಿನ ಪಕ್ಕದ ಗುಂಡಿ ಡಬ್ಬಿ ತಂದು, ಗುಂಡಿಗಳ ಕೆಳಗಿನಿಂದ ಒಂದು ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ಅವಳದೇ ಫೋಟೋ, ಅವಳದೇ ಸಹಿ. ಲೈಸೆನ್ಸಿಗೆ ಎಂಟು ವಾರ ವಯಸ್ಸಾಗಿತ್ತು.

“ಯಾವಾಗ ಕಲಿತೆ?” ಅಂದ ಮಗ.

“ಮಧ್ಯಾಹ್ನದ ಹೊತ್ತು. ನೀವೆಲ್ಲ ಕೆಲಸಕ್ಕೆ ಹೋದಾಗ, ಇವರು ಮಲಗಿದಾಗ.”

“ಒಬ್ಬಳೇ ಹೋಗಿ ಸೇರಿದ್ಯಾ? ಆ ಫಾರಮ್ಮೆಲ್ಲ ಯಾರು ತುಂಬಿದ್ರು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಸೊಸೆ ತುಂಬಿದ ನೀರಿನ ಜಗ್ಗು ಹಿಡಿದು ಇನ್ನಷ್ಟು ನೀರು ತರಲು ಒಳಗೆ ಹೋದಳು. ಅವಳು ಬೇಕರಿಯಲ್ಲಿ ಕೆಲಸ ಮಾಡುವವಳು, ಬೇಕರಿಯ ಎದುರಿಗೇ ಡ್ರೈವಿಂಗ್ ಸ್ಕೂಲು. ಮಗನಿಗೆ ಎಲ್ಲ ಅರ್ಥವಾಯಿತು.

“ಮೂರು ದಶಕ ಮೆಷಿನ್ ತುಳಿದ ಕಾಲು ಕಣೋ ಇದು,” ಅಂದಳು ಟೈಲರಮ್ಮ. “ಕ್ಲಚ್ಚು ಎಷ್ಟು ಬಿಡಬೇಕು ಅಂತ ಸ್ಕೂಲಿನ ಮೇಷ್ಟರು ಎರಡನೇ ಸಲ ಹೇಳಲಿಲ್ಲ. ಒಂದು ಮಾತು ಹೇಳ್ತೀನಿ. ತಿಂಗಳ ಕೊನೆ ಒಳಗೆ ನಿಮ್ಮಪ್ಪನ್ನ ಮೂರೂ ಅರಮನೆಗೆ ಕರ್ಕೊಂಡು ಹೋಗಿ ವಾಪಸ್ ತರ್ತೀನಿ. ಕಾರಿಗೆ ಒಂದೇ ಒಂದು ಗೀರು ಬಿದ್ದಿದ್ರೂ ಮಾರಿಬಿಡು, ನಾನು ತುಟಿ ಬಿಚ್ಚಲ್ಲ. ಬೀಳದಿದ್ರೆ ಕಾರು ನನ್ನದು.”

“ಒಂದೂ ಗೀರಿಲ್ಲದೆ? ಆರುನೂರು ಕಿಲೋಮೀಟರು?”

“ಒಂದೂ ಇಲ್ಲದೆ.”

“ಆಯ್ತು,” ಅಂದ ಮಗ. ಅವನ ಲೆಕ್ಕದಲ್ಲಿ ಕಾರು ಆಗಲೇ ಮಾರಾಟವಾಗಿತ್ತು.

ದೊರೆ ಮಾತ್ರ ಕೈ ತೊಳೆದು ಹೋಗಿ ಮಲಗಿದ. ಅವನ ಬೆನ್ನು ನೋಡಿದರೇ ಸಾಕಿತ್ತು, ಸಿಟ್ಟು ಎಷ್ಟು ಅಂತ ಗೊತ್ತಾಗುತ್ತಿತ್ತು.

ಆ ಸಿಟ್ಟು ಎರಡು ವಾರ ಇಳಿಯಲಿಲ್ಲ. ದಿನಾ ಬೆಳಿಗ್ಗೆ ಆರಕ್ಕೆ ಟೈಲರಮ್ಮ ಕಾರು ಹೊರಗೆ ತೆಗೆಯುವಳು. ಅವಳನ್ನು ಒಂಟಿಯಾಗಿ ಕಳಿಸಲಾರದೆ, ಪಕ್ಕದಲ್ಲಿ ಕೂರಲೂ ಆಗದೆ, ಅವನು ಕೊನೆಗೆ ಚಪ್ಪಲಿ ಮೆಟ್ಟಿ ಬಂದು ಬಾಗಿಲು ಧಡಾರನೆ ಹಾಕಿಕೊಂಡು ಕೂರುವನು. ಕೂತವನು ಪಾಠ ಶುರು ಮಾಡುವನು.

“ತಿರುವಲ್ಲಿ ಅಗಲವಾಗಿ ತಗೋ. ಹಿಂದೆ ನಲವತ್ತು ಅಡಿ ಇದೆ ಅಂತ ಜ್ಞಾಪಕ ಇರಲಿ.”

“ಹಿಂದೆ ಡಿಕ್ಕಿ ಇದೆ ರೀ. ಅಷ್ಟೇ.”

“ಬ್ರೇಕು ಇಷ್ಟು ಜೋರಾಗಿ ಹಾಕಬೇಡ. ನಿಂತಿರೋರು ಬೀಳ್ತಾರೆ.”

“ಯಾರು ನಿಂತಿದ್ದಾರೆ?”

ಅವನು ಹಿಂದೆ ತಿರುಗಿ ಖಾಲಿ ಸೀಟು ನೋಡುವನು.

ಟೈಲರಮ್ಮ ತನ್ನದೇ ವಿಧಾನ ಕಂಡುಕೊಂಡಳು. ಅಳತೆ ತೆಗೆದುಕೊಳ್ಳದೆ ಯಾರ ಬಟ್ಟೆಗೂ ಕತ್ತರಿ ಹಾಕಿದವಳಲ್ಲ, ಕಾರನ್ನು ಯಾಕೆ ಬಿಡುತ್ತಾಳೆ? ಒಂದು ಸಂಜೆ ಟೇಪು ಹಿಡಿದು ಕಾರಿನ ಸುತ್ತ ಬಗ್ಗಿ ಎದ್ದು ಓಡಾಡಿದಳು. ಗಿರಾಕಿಗಳ ಎದೆ, ಸೊಂಟ, ತೋಳು ಬರೆದಿಡುವ ಪುಸ್ತಕದಲ್ಲಿ ಹೊಸ ಹಾಳೆ ತಿರುವಿ ಬರೆದಳು: ಎತ್ತರ ಐವತ್ತೊಂಬತ್ತು. ಅಗಲ, ಕನ್ನಡಿಯಿಂದ ಕನ್ನಡಿಗೆ, ಎಪ್ಪತ್ತಾರು. ಅಂಗಳದ ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅಷ್ಟರೊಳಗೆ ಹಿಂದಕ್ಕೂ ಮುಂದಕ್ಕೂ ನೂರು ಸಲ ಕಾರು ಆಡಿಸಿದಳು.

“ಕಾರಿಗೆ ಅಂಗಿ ಹೊಲೀತೀಯಾ?” ಎಂದು ಮಗ ಕೀಟಲೆ ಮಾಡಿದ.

“ಅಂಗಿ ಆಗಲೇ ಹೊಲಿದಾಯ್ತು. ಈಗ ದಾರಿ ಹೊಲೀತಿದ್ದೀನಿ.”

ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಹೊರಡುವ ಹಿಂದಿನ ಸಂಜೆ ಅವಳು ಬೇಕರಿಯಿಂದ ಎರಡು ಪೌಂಡು ಬ್ರೆಡ್ಡು ತಂದಳು, ಹನ್ನೆರಡು ಮೊಟ್ಟೆ ಬೇಯಿಸಿದಳು, ಒಂದು ಗೊನೆ ಬಾಳೆಹಣ್ಣು ಕಟ್ಟಿಕೊಟ್ಟಳು. ಪುಟ್ಟಿ ಬಂದು ಅಜ್ಜಿಯ ಕಿವಿಯಲ್ಲಿ, “ಗಾಜಿನ ಮಂಚದ ಫೋಟೋ ತಗೊಂಡು ಬಾ, ನನ್ನ ಕ್ಲಾಸಲ್ಲಿ ಯಾರೂ ನಂಬಲ್ಲ,” ಎಂದಳು.

ಮೊದಲ ದಿನವೇ ಎಡವಟ್ಟಾಯಿತು. ನೂರು ಕಿಲೋಮೀಟರು ಸಲೀಸಾಗಿ ಬಂದಿದ್ದರು. ಊರೊಂದರ ಹೊರಗೆ ರೈಲು ಸೇತುವೆಯ ಕೆಳಗೆ ರಸ್ತೆ ನುಸುಳುವ ಜಾಗ ಬಂತು. ದೊರೆ ಡ್ಯಾಶ್‌ಬೋರ್ಡಿಗೆ ಕೈ ಕೊಟ್ಟು, “ನಿಲ್ಲಿಸು, ನಿಲ್ಲಿಸು. ಎತ್ತರ ಸಾಲದು. ಹಿಂದೆ ತಗೋ, ಬಳಸಿಕೊಂಡು ಹೋಗಬೇಕು,” ಎಂದ. ಮೂವತ್ತೊಂದು ವರ್ಷದ ಅನುಭವಸ್ಥ ಹೇಳಿದ ಮೇಲೆ ಅವಳು ಕಾರು ಹಿಂದೆ ತಿರುಗಿಸಿದಳು. ಬಳಸು ದಾರಿ ಐವತ್ತು ಕಿಲೋಮೀಟರು, ಉದ್ದಕ್ಕೂ ಗುಂಡಿ. ಅರಮನೆ ತಲುಪಿದಾಗ ಐದೂ ಕಾಲು, ಬಾಗಿಲು ಹಾಕಿದ್ದರು.

ಲಾಡ್ಜಿನ ಕೋಣೆಯಲ್ಲಿ ಮೊಟ್ಟೆ ಸುಲಿಯುತ್ತಿದ್ದ ಟೈಲರಮ್ಮನ ಕೈ ಇದ್ದಕ್ಕಿದ್ದಂತೆ ನಿಂತಿತು.

“ಏನೂಂದ್ರೆ, ಆ ಸೇತುವೆ ಮೇಲೆ ಹತ್ತಡಿ ಅಂತ ಬರೆದಿತ್ತಲ್ಲ?”

“ಹೌದು. ಅದಕ್ಕೇ ಅಲ್ವಾ ಬಳಸಿದ್ದು.”

“ನಮ್ಮ ಕಾರು ಐವತ್ತೊಂಬತ್ತು ಇಂಚು. ಐದಡಿನೂ ಇಲ್ಲ.”

ದೊರೆ ಅಗಿಯುವುದನ್ನು ನಿಲ್ಲಿಸಿದ. ಗಂಟಲಲ್ಲಿ ಮೊಟ್ಟೆಯ ಹಳದಿ ಸಿಕ್ಕಿಕೊಂಡು ಕೆಮ್ಮು ಬಂತು. ಅವಳು ನೀರು ಕೊಟ್ಟು, ಬೆನ್ನು ತಟ್ಟಿ, ನಗು ತಡೆಯಲಾಗದೆ ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಕ್ಕಳು. ಹೊರಗೆ ಬಂದಾಗ ಅವನು ಗೋಡೆ ಕಡೆ ತಿರುಗಿ ಮಲಗಿದ್ದ.

ಬೆಳಿಗ್ಗೆ ಅವನು ಹೇಳಿದ ದಾರಿಯಲ್ಲೇ ಅರಮನೆಗೆ ಹೋದರು. ಆ ದಾರಿ ಹಿಂಬದಿಯ ಬಸ್ ನಿಲ್ದಾಣಕ್ಕೆ ಬಂದು ಸೇರಿತು. ದೊಡ್ಡ ಮೈದಾನ, ಮೂಲೆಯಲ್ಲಿ ತಗಡಿನ ಕ್ಯಾಂಟೀನು, ಒಂದು ನಲ್ಲಿ, ಎಂಟು ಹತ್ತು ಬಸ್ಸುಗಳು. ನಲವತ್ತಡಿಯ ಬಸ್ಸು ನಿಲ್ಲುವ ಗೆರೆಗಳ ನಡುವೆ ಅವನು ಕಾರು ನಿಲ್ಲಿಸಲು ಹೇಳಿದ. ಇಳಿದದ್ದೇ ತಡ, “ದೊರೆ ಬಂದ, ದೊರೆ ಬಂದ” ಎಂದು ನಾಲ್ಕು ಕಡೆಯಿಂದ ಡ್ರೈವರುಗಳು ಬಂದು ಮುತ್ತಿಕೊಂಡರು. ಟೀ ಬಂತು. ಅಲ್ಲಿನ ಕಲ್ಲುಬೆಂಚಿನ ಮೇಲೆ ಅವನಿಗೆಂದೇ ಜಾಗ ಬಿಟ್ಟರು.

“ಬನ್ನಿ, ಹೋಗೋಣ,” ಅಂದಳು ಟೈಲರಮ್ಮ.

“ನೀನು ನೋಡ್ಕೊಂಡು ಬಾ. ನಾನು ಸಾವಿರ ಸಲ ನೋಡಿದ್ದೀನಿ.”

ಅವಳು ಒಬ್ಬಳೇ ಹೋದಳು. ಬೆಳ್ಳಿಯ ಪಲ್ಲಕ್ಕಿ ನೋಡಿದಳು, ಕನ್ನಡಿಯ ಹಜಾರ ನೋಡಿದಳು, ಸಿಂಹಾಸನದ ದಿಂಬಿನ ಅಂಚಿಗೆ ಯಾರೋ ಈಚೆಗೆ ಒರಟು ಕೈಹೊಲಿಗೆ ಹಾಕಿದ್ದಾರೆಂದು ಕಂಡುಹಿಡಿದು ಬೇಜಾರುಪಟ್ಟುಕೊಂಡಳು. ರಾಣಿಯ ಕೋಣೆಯಲ್ಲಿ ಕಾವಲಿಗೆ ಕೂತ ಹೆಂಗಸನ್ನು ಕೇಳಿದಳು: “ಗಾಜಿನ ಮಂಚ ಎಲ್ಲಿದೆಯಮ್ಮ?”

“ಗಾಜಿನ ಮಂಚವಾ? ಇಲ್ಲಿ ಇರೋದೊಂದೇ ಮಂಚ. ಇದೇ.”

ಕಬ್ಬಿಣದ ಮಂಚ. ಕಾಲಿಗೆ ಕಪ್ಪು ಬಣ್ಣ.

“ಮೊದಲು ಇತ್ತೇನೋ. ನಮ್ಮ ಯಜಮಾನರು ನೋಡಿದ್ದಾರೆ.”

“ಇಪ್ಪತ್ತಾರು ವರ್ಷದಿಂದ ಇದೇ ಕುರ್ಚಿ ಮೇಲೆ ಕೂತಿದ್ದೀನಿ,” ಅಂದಳು ಆ ಹೆಂಗಸು. “ಎದುರುಗಡೆ ದೊಡ್ಡ ಗಾಜಿನ ದೀಪ ಇದೆಯಲ್ಲ, ಅದನ್ನೂ ಮಂಚವನ್ನೂ ಸೇರಿಸಿ ಯಾರಾದ್ರೂ ಹೇಳಿರಬೇಕು. ಜನ ಬಸ್ಸು ಹತ್ತೋಷ್ಟರಲ್ಲಿ ಎಲ್ಲ ಕಲಸಿಬಿಡ್ತಾರೆ.”

ಟೈಲರಮ್ಮ ಆ ಮಂಚದ ಮುಂದೆ ಬಹಳ ಹೊತ್ತು ನಿಂತಳು. ಮೂವತ್ತು ವರ್ಷ ಊಟದ ಹೊತ್ತಿನಲ್ಲಿ ಕೇಳಿದ್ದೆಲ್ಲ ಒಂದೊಂದಾಗಿ ನೆನಪಾಯಿತು. ಅವನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಸಂಕಟ. ತನ್ನ ಗಂಡ ಲಕ್ಷಾಂತರ ಜನರನ್ನು ಅರಮನೆ ಬಾಗಿಲಿಗೆ ತಂದು ಬಿಟ್ಟು, ತಾನು ತಗಡಿನ ಕ್ಯಾಂಟೀನಿನಲ್ಲಿ ಟೀ ಕುಡಿದು, ವಾಪಸು ಹತ್ತಿದವರ ಮಾತನ್ನು ಬೆನ್ನಿನಿಂದಲೇ ಕೇಳಿಸಿಕೊಂಡು ಅದನ್ನೇ ಮನೆಗೆ ತಂದಿದ್ದ.

“ಮಂಚ ನೋಡಿದ್ಯಾ?” ಅಂದ ದೊರೆ ಅವಳು ಬಂದಾಗ. ಡ್ರೈವರುಗಳೆಲ್ಲ ಸುತ್ತ ಕೂತಿದ್ದರು.

“ನೋಡಿದೆ,” ಅಂದಳು.

ಎರಡನೇ ಅರಮನೆಯಲ್ಲೂ ಇದೇ ಕಥೆ. ಅಲ್ಲಿ ಅವನಿಗೆ ಮಂಡಿ ನೋವು ಬಂತು. ಬಸ್ ನಿಲ್ದಾಣದಿಂದ ಕ್ಯಾಂಟೀನಿಗೆ ನಡೆಯುವಾಗ ಮಾತ್ರ ಆ ನೋವು ಇರಲಿಲ್ಲ. ಟೈಲರಮ್ಮ ಒಳಗೆ ಹೋದಳು, ಬಂದಳು, ಏನೂ ಕೇಳಲಿಲ್ಲ. ಮೂರನೆಯದಕ್ಕೆ ಹೊರಡುವ ಬೆಳಿಗ್ಗೆ ಲಾಡ್ಜಿನ ಮ್ಯಾನೇಜರನ ಹತ್ತಿರ ಮಾತ್ರ ಏನೋ ವಿಚಾರಿಸಿಕೊಂಡಳು.

ಮೂರನೆಯ ಅರಮನೆ ಗುಡ್ಡದ ಮೇಲಿತ್ತು. ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಹಳೆಯದು. ಗುಡ್ಡದ ಬುಡದಲ್ಲಿ ರಸ್ತೆ ಎರಡಾಗುತ್ತದೆ.

“ಕೆಳಗಿನ ದಾರಿ ಹಿಡಿ,” ಅಂದ ದೊರೆ. “ಸ್ಟ್ಯಾಂಡು ಅಲ್ಲಿದೆ.”

ಅವಳು ಮೇಲಿನದು ಹಿಡಿದಳು.

“ಏ ಇವಳೇ, ಎಲ್ಲಿಗೆ? ಆ ಕಡೆ ಗಾಡಿ ಹೋಗಲ್ಲ.”

“ಬಸ್ಸು ಹೋಗಲ್ಲ. ಕಾರು ಹೋಗುತ್ತೆ. ಮ್ಯಾನೇಜರು ಹೇಳಿದ್ರು.”

“ಮೂವತ್ತೊಂದು ವರ್ಷ ಬಂದಿದ್ದೀನಿ ನಾನು.”

“ಸ್ಟ್ಯಾಂಡಿಗೆ ಬಂದಿದ್ದೀರಿ.”

ಕಾರು ಎರಡನೇ ಗೇರಿನಲ್ಲಿ ನಾಲ್ಕು ತಿರುವು ಹತ್ತಿ ಕೋಟೆಯ ಹೆಬ್ಬಾಗಿಲ ಮುಂದೆ ನಿಂತಿತು. ಅಷ್ಟು ದಪ್ಪ ಗೋಡೆಗೆ ಅಷ್ಟು ಇಕ್ಕಟ್ಟಿನ ಬಾಗಿಲು ಯಾಕಿಟ್ಟರೋ, ಕಟ್ಟಿಸಿದ ರಾಜನೇ ಹೇಳಬೇಕು. ಪಕ್ಕದಲ್ಲಿ ಫಲಕ: ‘ಬಸ್ಸುಗಳಿಗೆ ಪ್ರವೇಶವಿಲ್ಲ. ಸಣ್ಣ ವಾಹನಗಳು ತಮ್ಮ ಸ್ವಂತ ಜವಾಬ್ದಾರಿಯಲ್ಲಿ.’ ಬಾಗಿಲ ಎರಡೂ ಬದಿಯ ಕಲ್ಲಿನ ಮೇಲೆ ಕೆಂಪು, ನೀಲಿ, ಕಪ್ಪು ಬಣ್ಣದ ಗೀರುಗಳು. ಸ್ವಂತ ಜವಾಬ್ದಾರಿ ಹೊತ್ತವರೆಲ್ಲ ಅಲ್ಲಿ ಸ್ವಲ್ಪ ಸ್ವಲ್ಪ ಬಣ್ಣ ಬಿಟ್ಟು ಹೋಗಿದ್ದರು.

ದೊರೆ ಆ ಗೀರುಗಳನ್ನು ನೋಡಿದ. “ಬೇಡ. ಹಿಂದೆ ತಗೋ. ಮಗನ ಹತ್ರ ಪಂತ ಕಟ್ಟಿದ್ದೀಯ. ಗೀರು ಬಿದ್ರೆ ಕಾರು ಕೈತಪ್ಪುತ್ತೆ.”

ಟೈಲರಮ್ಮನೂ ಆ ಗೀರುಗಳನ್ನು ನೋಡಿದಳು. ಕಾರು ಈಗಿಂದೀಗ ಹಿಂದೆ ಹೋದರೆ ಗೀರು ಬೀಳುವುದಿಲ್ಲ, ಪಂತ ಗೆದ್ದಂತೆಯೇ. ಆದರೆ ಕೆಳಗಿನ ಸ್ಟ್ಯಾಂಡಿಗೆ ಹೋದರೆ ಅಲ್ಲಿ ಕ್ಯಾಂಟೀನಿದೆ, ಕಲ್ಲುಬೆಂಚಿದೆ, ಮಂಡಿ ನೋವಿದೆ. ಈ ಮನುಷ್ಯ ಇನ್ನು ಜನ್ಮದಲ್ಲಿ ಅರಮನೆ ನೋಡುವುದಿಲ್ಲ. ಇವನಿಲ್ಲದೆ ನೋಡಿದ ಎರಡು ಅರಮನೆಯೂ ಅವಳಿಗೆ ಉಪ್ಪಿಲ್ಲದ ಊಟವಾಗಿತ್ತು.

ಅವಳು ಹ್ಯಾಂಡ್‌ಬ್ರೇಕು ಎಳೆದು ಇಳಿದಳು. ಚೀಲದಿಂದ ಟೇಪು ತೆಗೆದಳು, ಸೀಮೆಸುಣ್ಣ ತೆಗೆದಳು. ಕನ್ನಡಿ ಎಷ್ಟು ಚಾಚಿದೆಯೆಂದು ಕಾರಿನ ಎರಡೂ ಕನ್ನಡಿಯ ಕಪ್ಪು ತುದಿಗೆ ಒಂದೊಂದು ಬಿಳಿ ಗುರುತು ಹಾಕಿದಳು. ಆಮೇಲೆ ಬಾಗಿಲಿಗೆ ಹೋದಳು. ಟೇಪು ಅರವತ್ತೇ ಇಂಚಿನದು. ಅರವತ್ತು ಮುಗಿದಲ್ಲಿ ನೆಲಕ್ಕೆ ಗೆರೆ ಎಳೆದು, ಅಲ್ಲಿಂದ ಮತ್ತೆ ಹಿಡಿದಳು. ಹೆಬ್ಬಾಗಿಲ ಕಾವಲುಗಾರ ಸ್ಟೂಲಿನಿಂದ ಎದ್ದು ಬಂದ.

“ಏನಮ್ಮ ಮಾಡ್ತಿದ್ದೀರಿ?”

“ಅಳತೆ ತಗೊಳ್ತಿದ್ದೀನಿ. ಆ ತುದಿ ಸ್ವಲ್ಪ ಹಿಡ್ಕೊಳ್ಳಿ.”

ಯಾಕೆಂದು ಕೇಳದೆ ಅವನು ಹಿಡಿದ. ಅಳತೆ ತೆಗೆಯುವ ಟೈಲರಿಗೆ ಯಾರೂ ಎದುರಾಡುವುದಿಲ್ಲ, ಕೈ ಎತ್ತು ಅಂದರೆ ಎತ್ತುತ್ತಾರೆ.

“ಎಂಬತ್ತಮೂರು,” ಎಂದು ಅವಳು ಕಾರಿನ ಕಿಟಕಿಗೆ ಬಂದು ಗಂಡನಿಗೆ ಹೇಳಿದಳು. “ನಮ್ಮದು ಎಪ್ಪತ್ತಾರು. ಎರಡೂ ಕಡೆ ಮೂರೂವರೆ ಇಂಚು ಸಡಿಲ. ಬಟ್ಟೆಯಲ್ಲಾದ್ರೆ ಇದು ಬಿಗಿಯೂ ಅಲ್ಲ, ದೊಗಲೆಯೂ ಅಲ್ಲ.”

“ಕಲ್ಲು ಬಟ್ಟೆಯಲ್ಲ ಕಣೇ.”

“ಹೌದು. ಬಟ್ಟೆಯಾದ್ರೆ ಜಗ್ಗಿ ಮೋಸ ಮಾಡುತ್ತೆ. ಕಲ್ಲು ಮಾಡಲ್ಲ.”

ನೆಲದ ಮೇಲೆ ಬಾಗಿಲ ನಟ್ಟನಡುವೆ ಒಂದು ಉದ್ದ ಗೆರೆ ಎಳೆದು, ಸ್ಟೀರಿಂಗಿಗೆ ಬಂದು ಕೂತಳು. ಕ್ಲಚ್ಚನ್ನು ಅರ್ಧಕ್ಕೆ ಬಿಟ್ಟು, ನಾಜೂಕು ರೇಷ್ಮೆಗೆ ಹೊಲಿಗೆ ಹಾಕುವಾಗ ಮೆಷಿನ್ನು ತುಳಿಯುವಷ್ಟೇ ಮೆತ್ತಗೆ ತುಳಿದಳು. ಕಾರು ತೆವಳಿತು. ಕಲ್ಲು ಎರಡೂ ಕಿಟಕಿಗೆ ಹತ್ತಿರ ಬಂತು, ಒಳಗೆ ಕತ್ತಲಾಯಿತು, ಹಳೆಯ ಕಲ್ಲಿನ ತಣ್ಣನೆ ವಾಸನೆ ಬಂತು. ದೊರೆ ಕಣ್ಣು ಮುಚ್ಚಿ, ಹತ್ತಡಿ ಮೇಲಿದ್ದ ಕಮಾನಿಗೆ ತಲೆ ತಾಗುತ್ತದೇನೋ ಎಂಬಂತೆ ಬಗ್ಗಿ ಕೂತಿದ್ದ. ಅವಳು ಉಸಿರು ಬಿಗಿಹಿಡಿದಿದ್ದಳು. ನೂಲಿನ ತುದಿ ಸೂಜಿಯ ಕಣ್ಣು ದಾಟುವ ಹೊತ್ತಿನಲ್ಲಿ ಅವಳು ಯಾವಾಗಲೂ ಉಸಿರು ಹಿಡಿಯುತ್ತಾಳೆ.

ಬೆಳಕು ಬಂತು.

“ದಾಟಿದ್ವಿ. ತಲೆ ಎತ್ತಿ,” ಅಂದಳು.

ಹಿಂದೆ ಕಾವಲುಗಾರ ಚಪ್ಪಾಳೆ ತಟ್ಟುತ್ತಿದ್ದ. ಮುಂದೆ ಅರಮನೆಯ ಒಳ ಅಂಗಳ, ನಡುವೆ ಅರಮನೆ. ಅಲ್ಲಿ ಕ್ಯಾಂಟೀನಿರಲಿಲ್ಲ. ಬೆಂಚಿರಲಿಲ್ಲ. ಮರದ ನೆರಳು ಕೂಡ ಇರಲಿಲ್ಲ. ಮೆಟ್ಟಿಲು ಮಾತ್ರ ಇತ್ತು, ಮೇಲೆ ತೆರೆದ ಬಾಗಿಲಿತ್ತು.

ದೊರೆ ಕಾರಿನಿಂದ ಇಳಿದು ಮೆಟ್ಟಿಲ ಬುಡದವರೆಗೆ ಬಂದು ನಿಂತುಬಿಟ್ಟ. ಮಂಡಿ ನೋವು ಎನ್ನಲಿಲ್ಲ.

“ಕೆಲಸಕ್ಕೆ ಸೇರಿದ ವರ್ಷ,” ಅಂದ ನಿಧಾನವಾಗಿ, “ಆ ಮೊದಲನೇ ಅರಮನೆಗೆ ಪ್ಯಾಸೆಂಜರ್‌ಗಳ ಜೊತೆ ಹೋಗಿದ್ದೆ. ಯೂನಿಫಾರಂನಲ್ಲೇ. ಬಾಗಿಲಲ್ಲಿದ್ದವನು ಎದೆ ಮೇಲೆ ಕೈ ಇಟ್ಟು ತಡೆದ. ಡ್ರೈವರುಗಳು ಒಳಗೆ ಬರೋ ಹಾಗಿಲ್ಲ ಅಂದ. ಎಲ್ಲ ನಕ್ಕರು. ಆಮೇಲೆ ಆ ರೂಲು ಹೋಯ್ತು, ಡ್ರೈವರ್‌ಗೆ ಟಿಕೆಟ್ಟೇ ಬೇಡ ಅಂದ್ರು. ನಾನೇ ಹೋಗಲಿಲ್ಲ. ಯಾವ ಅರಮನೆಗೂ.” ಮೆಟ್ಟಿಲನ್ನೇ ನೋಡುತ್ತಾ, “ಗಾಜಿನ ಮಂಚ ನಾನು ನೋಡಿಲ್ಲ,” ಅಂದ.

“ಗೊತ್ತು. ಅದು ಕಬ್ಬಿಣದ್ದು.”

“ನೋಡಿದೆ ಅಂದ್ಯಲ್ಲ?”

“ನೋಡಿದ್ದೀನಲ್ಲ. ಮೂವತ್ತು ವರ್ಷ, ನಿಮ್ಮ ಬಾಯಲ್ಲಿ.”

ಅವನು ಮುಖ ತಿರುಗಿಸಿ ಕನ್ನಡಕ ಒರೆಸಿಕೊಂಡ. ಅವಳಿಗೂ ಅಳು ಬಂತು, ಆದರೆ ಅಳುತ್ತ ನಿಲ್ಲಲು ಇಷ್ಟು ದೂರ ಬಂದಿರಲಿಲ್ಲ.

“ನೋಡಿ,” ಅಂದಳು, “ಇವತ್ತು ಡ್ರೈವರ್ ನಾನು. ನಾನು ಒಳಗೆ ಹೋಗ್ತಿದ್ದೀನಿ, ಯಾರು ತಡೀತಾರೋ ತಡೀಲಿ. ನೀವು ಪ್ಯಾಸೆಂಜರ್. ಅರಮನೆ ನೋಡೋಕೆ ಅಂತ ಬಂದ ಪ್ಯಾಸೆಂಜರ್ರೇ ಹೊರಗೆ ನಿಂತರೆ ನನ್ನ ರೂಟಿನ ಮಾನ ಏನಾಗಬೇಕು?”

ದೊರೆ ಅವಳನ್ನೇ ನೋಡಿದ. ಆಮೇಲೆ ಅಂಗಿಯ ಕಾಲರು ಸರಿಮಾಡಿಕೊಂಡು, “ಟಿಕೆಟ್ಟು ಎಲ್ಲಿ ಕೊಡ್ತಾರೆ ಕೇಳು,” ಎಂದ.

ಒಳಗೆ ಹೋದ ಮೇಲೆ ಅವನನ್ನು ಹಿಡಿಯುವವರೇ ಇಲ್ಲ. ಪ್ರತಿ ಫಲಕಕ್ಕೂ ಎಡಗಣ್ಣು ಹತ್ತಿರ ಹಿಡಿದು ಅಕ್ಷರ ಬಿಡದೆ ಓದಿದ. ರಾಜರ ರಥದ ಕೆಳಗೆ ಬಗ್ಗಿ ಅಚ್ಚು ನೋಡಿದ, “ಇದಕ್ಕೆ ಸ್ಪ್ರಿಂಗೇ ಇಲ್ಲ. ಸೊಂಟ ಏನಾಗಿರಬೇಕು ಪಾಪ,” ಎಂದು ರಾಜನಿಗಾಗಿ ಮರುಗಿದ. ಅವಳು ಪರದೆಗಳ ನೆರಿಗೆ ಎಣಿಸಿದಳು. ಎರಡು ತಾಸಿನಲ್ಲಿ ನೋಡುವ ಅರಮನೆಯನ್ನು ನಾಲ್ಕು ತಾಸು ನೋಡಿದರು. ಬ್ರೆಡ್ಡು, ಬಾಳೆಹಣ್ಣು ಕಾರಿನಲ್ಲೇ ಉಳಿದವು, ಹಸಿವೆ ನೆನಪಾಗಲಿಲ್ಲ.

ಕೊನೆಯದು ದರ್ಬಾರು ಹಜಾರ. ರಾಜ ಕೂರುತ್ತಿದ್ದ ಪೀಠದ ಪಕ್ಕ ಒಂದು ಎತ್ತರದ ಕಿಟಕಿ. ದೊರೆ ಅಲ್ಲಿ ನಿಂತು ಕೆಳಗೆ ನೋಡಿ, “ಇವಳೇ, ಬಾ ಇಲ್ಲಿ,” ಎಂದು ಕರೆದ. ಗುಡ್ಡದ ಬುಡದಲ್ಲಿ ಬಸ್ ನಿಲ್ದಾಣ ಬೆಂಕಿಪೊಟ್ಟಣ ಜೋಡಿಸಿಟ್ಟಂತೆ ಕಾಣುತ್ತಿತ್ತು.

“ಆ ನೀರಿನ ಟ್ಯಾಂಕು ಇದೆಯಲ್ಲ, ಅದರ ಪಕ್ಕ. ಅದೇ ನನ್ನ ಜಾಗ. ಅಲ್ಲಿ ನಿಂತ್ಕೊಂಡು ಈ ಕಿಟಕಿ ನೋಡ್ತಿದ್ದೆ. ಇದರೊಳಗಿಂದ ಏನು ಕಾಣುತ್ತೋ ಅಂತ.”

“ಏನು ಕಾಣುತ್ತೆ?”

“ನಾನೇ ಕಾಣ್ತಿದ್ದೆ,” ಅಂದ ದೊರೆ, ಮತ್ತು ನಕ್ಕ. ಅಷ್ಟು ದೊಡ್ಡದಾಗಿ ಅವನು ನಕ್ಕು ಒಂದು ವರ್ಷದ ಮೇಲಾಗಿತ್ತು.

ಮುಂದಿನ ಎರಡು ದಿನದಲ್ಲಿ ಮೊದಲ ಎರಡು ಅರಮನೆಗಳನ್ನೂ ಮತ್ತೆ ನೋಡಿಕೊಂಡೇ ಮನೆಯ ದಾರಿ ಹಿಡಿದರು, ಈ ಸಲ ಇಬ್ಬರೂ. ಕಬ್ಬಿಣದ ಮಂಚದ ಪಕ್ಕ ದೊರೆ ನಿಂತ ಫೋಟೋವನ್ನು ಕಾವಲಿನ ಹೆಂಗಸೇ ತೆಗೆದುಕೊಟ್ಟಳು. ರೈಲು ಸೇತುವೆ ಬಂದಾಗ ಅವನು ಡ್ಯಾಶ್‌ಬೋರ್ಡಿಗೆ ಕೈ ಕೊಡಲಿಲ್ಲ. ತಲೆ ಮಾತ್ರ ಸ್ವಲ್ಪ ಬಗ್ಗಿಸಿದ. ಟೈಲರಮ್ಮ ನೋಡಿಯೂ ನೋಡದವಳ ಹಾಗೆ ಇದ್ದಳು.

ಎರಡನೆಯ ದಿನ ಸಂಜೆ ಐದಕ್ಕೆ ಕಾರು ಅಂಗಳಕ್ಕೆ ಬಂತು. ಮಗ ಕೆಲಸದಿಂದ ಬಂದು ಕಾದಿದ್ದ, ಕೈಯಲ್ಲಿ ಲಿಫ್ಟಿನ ಕೆಳಗಿನ ಹಳ್ಳದೊಳಗೆ ಇಣುಕಲು ಬಳಸುವ ಟಾರ್ಚು. ಹಗಲು ಬೆಳಕಿನಲ್ಲೇ ಟಾರ್ಚು ಹಾಕಿಕೊಂಡು ಬಂಪರಿನಿಂದ ಶುರು ಮಾಡಿದ. ಬಾಗಿಲು ನೋಡಿದ, ಚಕ್ರದ ಮೇಲಿನ ಅಂಚು ನೋಡಿದ, ಮಲಗಿ ಅಡಿಯನ್ನೂ ನೋಡಿದ. ಸೊಸೆ ಮೆಟ್ಟಿಲ ಮೇಲೆ ಸೆರಗು ಹಿಂಡುತ್ತಾ ನಿಂತಿದ್ದಳು. ಎಡಗಡೆ ಕನ್ನಡಿಗೆ ಬಂದು ಅವನು ನಿಂತ.

“ಇದೇನಮ್ಮ ಇದು?”

ಕನ್ನಡಿಯ ಕಪ್ಪು ತುದಿಯಲ್ಲಿ ಬೆರಳುದ್ದದ ಒಂದು ಬಿಳಿ ಗೆರೆ.

“ಹೇಳಿದ್ದೆನಲ್ಲ,” ಅಂದ ಮಗ. ಗೆದ್ದವನಿಗಿಂತ ಹೆಚ್ಚಾಗಿ ಬೇಸರಪಟ್ಟವನ ದನಿಯಲ್ಲಿ. “ಬಲಗಡೆನೂ ಇದೆ ನೋಡು. ನಾಳೆ ಅವರಿಗೆ ಬರೋಕೆ ಹೇಳ್ತೀನಿ.”

ಟೈಲರಮ್ಮ ಬಂದು ಹತ್ತಿರದಿಂದ ನೋಡಿದಳು. ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ ಎಡಗಡೆಯ ಗೆರೆಯನ್ನು ಒಂದು ಸಲ ಒರೆಸಿದಳು. ಗೆರೆ ಇರಲಿಲ್ಲ. ಬಲಗಡೆಗೆ ಹೋಗಿ ಅದನ್ನೂ ಒರೆಸಿದಳು. ಬಿಳಿಯಾದ ಹೆಬ್ಬೆರಳನ್ನು ಮಗನ ಮೂಗಿನ ಮುಂದೆ ಹಿಡಿದಳು.

“ಸೀಮೆಸುಣ್ಣ,” ಅಂದಳು. “ಹೊಲಿಗೆ ಮುಗಿದ ಮೇಲೆ ಗುರುತು ಅಳಿಸೋಕೆ ಮರೆತಿದ್ದೆ.”

ಸೊಸೆ ಸೆರಗು ಬಿಟ್ಟು ಚಪ್ಪಾಳೆ ತಟ್ಟಿದಳು. ಮಗ ಟಾರ್ಚು ಆರಿಸಿ, ಇನ್ನೊಂದು ಸಲ ಸುಮ್ಮನೆ ಕಾರಿನ ಸುತ್ತ ಬಂದು, ಕೊನೆಗೆ ಅವನೂ ನಕ್ಕ. “ಸ್ಟೋರಿನವರಿಗೆ ಏನು ಹೇಳಲಿ?”

“ಕಾರಿಗೆ ಓನರು ಸಿಕ್ಕರು ಅಂತ ಹೇಳು,” ಅಂದ ದೊರೆ.

ಪುಟ್ಟಿ ಅಷ್ಟರಲ್ಲಿ ತಾತನ ಕೈಗೆ ಜೋತುಬಿದ್ದಿದ್ದಳು. “ತಾತ, ಗಾಜಿನ ಮಂಚದ ಫೋಟೋ?”

ದೊರೆ ಫೋಟೋ ತೋರಿಸಿದ. “ಇದು ಕಬ್ಬಿಣದ್ದು ಮಗಳೇ. ಇಷ್ಟು ದಿನ ನಾನು ಹೇಳಿದ್ದು ಬೇರೆಯವರಿಂದ ಕೇಳಿದ್ದು, ಅದರಲ್ಲಿ ಅರ್ಧ ಸುಳ್ಳು. ಇನ್ಮೇಲೆ ಹೇಳೋದು ನಾನೇ ನೋಡಿದ್ದು.”

“ಯಾಕೆ ತಾತ, ಮೊದಲು ನೋಡಿರಲಿಲ್ವಾ?”

“ಮೊದಲು ನನಗೆ ಒಳ್ಳೆ ಡ್ರೈವರ್ ಸಿಕ್ಕಿರಲಿಲ್ಲ,” ಅಂದ.

ಮುಂದಿನ ಭಾನುವಾರ ಟೈಲರಮ್ಮ ಬೂದು ಹೊದಿಕೆಯನ್ನು ಮೇಜಿನ ಮೇಲೆ ಹರಡಿ ಕತ್ತರಿ ಹಾಕಿದಳು. ಒಳ್ಳೆ ಗಟ್ಟಿ ಬಟ್ಟೆ, ಐದು ಸೀಟಿಗೆ ಕವರು ಹೊಲಿದರೂ ಮಿಕ್ಕಿತು. ಕಾರಿಗೆ ಹೊದಿಕೆಯ ಅಗತ್ಯ ಇನ್ನಿರಲಿಲ್ಲ, ಅದು ಮನೆಯಲ್ಲಿ ನಿಲ್ಲುತ್ತಿದ್ದುದೇ ಕಡಿಮೆ. ಕವರುಗಳನ್ನು ತೊಡಿಸಲು ಅವಳು ಒಂದೊಂದು ಸೀಟಿನ ಮೇಲೂ ಮಂಡಿಯೂರಿ ಎಳೆದು ಕಟ್ಟಿದಳು. ಕೊನೆಯದಾಗಿ ಸ್ಟೀರಿಂಗ್ ಮುಂದಿನ ಸೀಟಿಗೆ ತೊಡಿಸಿ, ಈ ಸಲ ಇಳಿಯದೆ, ಅದರ ಮೇಲೆ ಹಾಯಾಗಿ ಕೂತಳು. ದೊರೆ ಹೋಗಿ ಗೇಟು ತೆರೆದ.